ವಾಚು 172 ತೋರಿಸುತ್ತಿದೆ, ನನಗೆ 52 ವರ್ಷ. ಓಡಲೋ, ನಿಲ್ಲಿಸಲೋ?

ಕುಕ್ಕರಹಳ್ಳಿ_ಸುತ್ತು · ಸೋಮವಾರ ಬೆಳಗ್ಗೆ 8:40

ಎಲ್ಲರಿಗೂ ನಮಸ್ಕಾರ. ಮೈಸೂರಿನವನು, 52 ವರ್ಷ, ದಿನವಿಡೀ ಕುರ್ಚಿಗೆ ಅಂಟಿಕೊಂಡು ಕೂರುವ ಕೆಲಸ. ಎರಡು ವರ್ಷದಿಂದ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತೇನೆ. ಆರು ತಿಂಗಳಿಂದ ಅರ್ಧ ನಡಿಗೆ, ಅರ್ಧ ನಿಧಾನದ ಓಟ.

ಹೋದ ತಿಂಗಳು ಮಗಳು ಹುಟ್ಟುಹಬ್ಬಕ್ಕೆ ಸ್ಮಾರ್ಟ್‌ವಾಚ್ ಕೊಡಿಸಿದಳು. ಗ್ರಹಚಾರ ಶುರುವಾಗಿದ್ದು ಅಲ್ಲಿಂದ. ನಡೆಯುವಾಗ ಎದೆಬಡಿತ 105, 110 ಅಂತ ಸಭ್ಯವಾಗಿ ಇರುತ್ತದೆ. ಓಡಲು ಶುರು ಮಾಡಿದ ಒಂದು ನಿಮಿಷಕ್ಕೆ ಟಪ್ ಅಂತ 172ಕ್ಕೆ ಏರಿ ಅಲ್ಲೇ ಕೂರುತ್ತದೆ. 171, 172, 173. ಅದರಾಚೆ ಇಲ್ಲ, ಈಚೆ ಇಲ್ಲ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಅಂತಾರಲ್ವಾ? ನನ್ನದು 168. ಅಂದರೆ ನಾನು ಗರಿಷ್ಠವನ್ನೂ ದಾಟಿ ಓಡುತ್ತಿದ್ದೇನೆ!

ಮೊದಲ ದಿನ ಕೈಕಾಲು ತಣ್ಣಗಾಯಿತು. ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಕೂತ ಸ್ವಲ್ಪ ಹೊತ್ತಿಗೇ ಸಂಖ್ಯೆ 120ರ ಹತ್ತಿರ ಬಂತು. ತಮಾಷೆ ಏನೆಂದರೆ, ಓಡುವಾಗ ನನಗೇನೂ ಆಗಿರಲಿಲ್ಲ. ಪಕ್ಕದ ಗೆಳೆಯನ ಜೊತೆ ಪಿಎಫ್ ದುಡ್ಡಿನ ವಿಷಯ ಮಾತಾಡುತ್ತಿದ್ದೆ. ಈಗ ವಾಚು ನೋಡಿದರೇ ಭಯ. ಹೆಂಡತಿ "ವಾಪಸ್ ಕೊಟ್ಟುಬಿಡಿ" ಅನ್ನುತ್ತಾಳೆ. ವಾಚನ್ನೋ ಓಟವನ್ನೋ ಅಂತ ಕೇಳಲು ಧೈರ್ಯ ಬರಲಿಲ್ಲ.

ತಿಳಿದವರು ಹೇಳಿ.

ಧಾರವಾಡ_ಫೇಡೆ · ಸೋಮವಾರ ಬೆಳಗ್ಗೆ 8:52

ಸರ್ರ, ಅಂಗೈ ಹುಣ್ಣಿಗೆ ಕನ್ನಡಿ ಯಾಕ? ನಾಡಿ ನಿಮ್ಮ ಕೈಯಾಗ ಐತಿ. ಬೆರಳಿಟ್ಟು ನೋಡ್ರಿ.

ಸುಮ್ನೆ_ಓಡು · ಸೋಮವಾರ ಬೆಳಗ್ಗೆ 9:15

ಫೇಡೆ ಅಣ್ಣ ತಮಾಷೆಗೆ ಹೇಳಿದರೂ ಸರಿಯಾಗೇ ಹೇಳಿದ್ದಾರೆ. ನಾನು ಬೆಂಗಳೂರಲ್ಲಿ ಏಳೆಂಟು ವರ್ಷದಿಂದ 10 ಕಿಲೋಮೀಟರ್ ಓಟಗಳಲ್ಲಿ ಓಡುತ್ತಿದ್ದೇನೆ. ಡಾಕ್ಟರ್ ಅಲ್ಲ.

ಎರಡು ಸಂಗತಿ ಬೇರೆ ಬೇರೆ ಮಾಡಿ ನೋಡಿ ಸರ್. ಒಂದು, ಆ 168 ಎಷ್ಟು ಗಟ್ಟಿ? ಇನ್ನೊಂದು, ಆ 172 ನಿಜವಾಗಿ ನಿಮ್ಮ ಹೃದಯದ್ದೇನಾ?

ಮೊದಲು 168. ಈ 220ರ ಸೂತ್ರ 1970ರ ಸುಮಾರಿಗೆ ಅಮೆರಿಕದ ಸ್ಯಾಮ್ಯುಯೆಲ್ ಫಾಕ್ಸ್ ಮತ್ತು ವಿಲಿಯಂ ಹ್ಯಾಸ್ಕೆಲ್ ಎಂಬ ಇಬ್ಬರು ಸಂಶೋಧಕರಿಂದ ಬಂದದ್ದು. ಆಗ ಪ್ರಕಟವಾಗಿದ್ದ ಹತ್ತರಷ್ಟು ಅಧ್ಯಯನಗಳ ಅಂಕಿಗಳನ್ನು ಒಂದು ಹಾಳೆ ಮೇಲೆ ಚುಕ್ಕಿ ಇಟ್ಟು ನೋಡಿದರು. ನಡುವೆ ಗೆರೆ ಎಳೆದರೆ ಸುಮಾರು 220 ಕಳೆ ವಯಸ್ಸು ಅಂತ ಬಂತು. ಎಲ್ಲರಿಗೂ ಅದೇ ಮಿತಿ ಅಂತ ಅವರು ಹೇಳಿರಲಿಲ್ಲ. ಆಮೇಲೆ ಹ್ಯಾಸ್ಕೆಲ್ ಅವರೇ ಜನ ಇದನ್ನು ಹಿಡಿದುಕೊಂಡ ಪರಿ ನೋಡಿ ನಕ್ಕಿದ್ದಾರೆ. ಒಂದೇ ವಯಸ್ಸಿನವರಲ್ಲೂ ನಿಜವಾದ ಗರಿಷ್ಠ ಈ ಲೆಕ್ಕಕ್ಕಿಂತ 10-12 ಬಡಿತ ಆಚೀಚೆ ಇರುವುದು ತೀರಾ ಮಾಮೂಲು. ಕೆಲವರಲ್ಲಿ 20ರಷ್ಟೂ ಇರುತ್ತದೆ.

2001ರಲ್ಲಿ ಹಿರೋಫುಮಿ ತನಾಕಾ ಮತ್ತು ಜೊತೆಗಾರರು ತುಂಬಾ ಜಾಸ್ತಿ ಜನರ ಅಂಕಿ ಸೇರಿಸಿ ಬೇರೆ ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ. 40ನೇ ವಯಸ್ಸಿಗೆ ಎರಡೂ ಸೂತ್ರ 180ಕ್ಕೇ ಬಂದು ಸೇರುತ್ತವೆ. 60ಕ್ಕೆ ಹಳೆಯದು 160 ಅಂದರೆ ಇದು 166 ಅನ್ನುತ್ತದೆ. ನಿಮ್ಮ 52ಕ್ಕೆ ಹಾಕಿದರೆ 171.6. ಅಂದರೆ 172. ನಗಬೇಡಿ!

ಆದರೆ ಗರಿಷ್ಠ ಬಡಿತದಲ್ಲಿ ಓಡುತ್ತಾ ಯಾರೂ ಪಿಎಫ್ ಮಾತಾಡಲ್ಲ. ಹೆಸರು ಕೇಳಿದರೂ ಹೇಳಲು ಆಗುವುದಿಲ್ಲ. ಹಾಗಾಗಿ ನನ್ನ ಅನುಮಾನ ವಾಚಿನ ಮೇಲೆ. ನಾಳೆ ಓಡುವಾಗ ಒಂದು ಕೆಲಸ ಮಾಡಿ. ಬಡಿತ ಬೇಡ, ಹೆಜ್ಜೆ ಎಣಿಸಿ. 15 ಸೆಕೆಂಡಿಗೆ ಎಷ್ಟು ಹೆಜ್ಜೆ, ನಾಲ್ಕರಿಂದ ಗುಣಿಸಿ. ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಟಿಎಂಟಿ_ರೂಮಿನಿಂದ · ಸೋಮವಾರ ಮಧ್ಯಾಹ್ನ 1:30

ಊಟದ ಬಿಡುವಲ್ಲಿ ಬರೆಯುತ್ತಿದ್ದೇನೆ. ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ, ಅದನ್ನು ಮಾಡುವ ಟೆಕ್ನಿಷಿಯನ್ ನಾನು. ಹನ್ನೊಂದು ವರ್ಷದಿಂದ ಜನರ ಎದೆಗೆ ಸ್ಟಿಕರ್ ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸುವುದೇ ಕೆಲಸ.

ಸರ್, ಸೂತ್ರ ಗೀತ್ರ ಎಲ್ಲ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡಿ. ಓಡುವಾಗ ಎದೆಯಲ್ಲಿ ಹಿಡಿದ ಹಾಗೆ, ಭಾರ ಇಟ್ಟ ಹಾಗೆ ಆಗುತ್ತಾ? ದವಡೆ, ಎಡ ತೋಳು, ಬೆನ್ನಿಗೆ ನೋವು ಹರಿಯುತ್ತಾ? ತಲೆ ಸುತ್ತು, ತಣ್ಣನೆ ಬೆವರು? ಬಡಿತ ತಾಳ ತಪ್ಪಿದ ಹಾಗೆ ಅನಿಸುತ್ತಾ? ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ಏನಾದರೂ ಇದೆಯಾ? ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿತ್ತಾ? ಇದರಲ್ಲಿ ಒಂದಕ್ಕಾದರೂ ಹೌದು ಅಂದರೆ ಇಲ್ಲಿ ಕೂತು ಲೆಕ್ಕ ಹಾಕಬೇಡಿ, ಡಾಕ್ಟರ್ ಹತ್ತಿರ ಹೋಗಿ. ಎದೆನೋವು ಬಂದಾಗ ವಾಚಿನಲ್ಲಿ 110 ಇದ್ದರೂ ಅದಕ್ಕೆ ಬೆಲೆ ಇಲ್ಲ.

ಇನ್ನು ನಾಡಿ ಎಣಿಸುವುದು. ತುಂಬಾ ಜನ ತಪ್ಪಾಗಿ ಎಣಿಸುತ್ತಾರೆ. ಅಂಗೈ ಮೇಲ್ಮುಖವಾಗಿ ಹಿಡಿಯಿರಿ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೂಳೆ ಮತ್ತು ನರದ ಹುರಿ ಮಧ್ಯೆ ಒಂದು ತಗ್ಗು ಸಿಗುತ್ತದೆ. ಅಲ್ಲಿ ತೋರುಬೆರಳು, ನಡುಬೆರಳು ಮೆಲ್ಲಗೆ ಇಡಿ. ಹೆಬ್ಬೆರಳು ಇಡಬೇಡಿ, ಅದಕ್ಕೇ ಒಂದು ಬಡಿತ ಇದೆ, ಗೊಂದಲ ಆಗುತ್ತದೆ. ಕೈಯಲ್ಲಿ ಸಿಗದಿದ್ದರೆ ಕುತ್ತಿಗೆಯ ಒಂದೇ ಬದಿಯಲ್ಲಿ, ತುಂಬಾ ಹಗುರಾಗಿ. ಎರಡೂ ಬದಿ ಒತ್ತಲೇಬೇಡಿ. ಕೆಲವರಿಗೆ ಅಲ್ಲಿ ಒತ್ತಿದರೆ ಬಡಿತ ಇಳಿದು ತಲೆ ಸುತ್ತುತ್ತದೆ.

ಓಟ ನಿಲ್ಲಿಸಿದ ಕೂಡಲೇ ಎಣಿಸಬೇಕು. ಬೆಂಚು ಹುಡುಕಿ, ನೀರು ಕುಡಿದು, ಆಮೇಲೆ ಎಣಿಸಿದರೆ ಅಷ್ಟರಲ್ಲಿ ಬಡಿತ ಇಳಿದಿರುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಪೂರ್ತಿ ನಿಮಿಷ ಎಣಿಸುವುದು ಬೆಳಗ್ಗೆ ಹಾಸಿಗೆಯಲ್ಲಿ ಮಾತ್ರ.

ಕುಕ್ಕರಹಳ್ಳಿ_ಸುತ್ತು · ಸೋಮವಾರ ಸಂಜೆ 6:05

ಮೇಡಂ, ತುಂಬಾ ಥ್ಯಾಂಕ್ಸ್. ನೀವು ಕೇಳಿದ ಯಾವುದೂ ಇಲ್ಲ. ಮಾತ್ರೆ ಇಲ್ಲ. ಅಪ್ಪನಿಗೆ ಬೈಪಾಸ್ ಆಗಿದ್ದು 71ಕ್ಕೆ. ನಾಳೆ ಎದ್ದ ತಕ್ಷಣ ಎಣಿಸುತ್ತೇನೆ.

ಔಲು_ಕನ್ನಡಿಗ · ಸೋಮವಾರ ರಾತ್ರಿ 9:20

ಫಿನ್ಲೆಂಡಿನಿಂದ. ಈ ಚರ್ಚೆಯಲ್ಲಿ ನಮ್ಮೂರಿನ ಪಾತ್ರ ಇದೆ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಔಲು ವಿಶ್ವವಿದ್ಯಾಲಯದ ಸೆಪ್ಪೊ ಸಾಯ್ನಾಯಾಕಂಗಸ್ ಎಂಬ ಮೇಷ್ಟ್ರು 1977ರಲ್ಲಿ ಪೋಲಾರ್ ಕಂಪನಿ ಶುರು ಮಾಡಿದ್ದು ಈ ಊರಿನ ಪಕ್ಕದಲ್ಲೇ. ಸ್ಕೀಯಿಂಗ್ ಮಾಡುವವರು ಹಿಮದಲ್ಲಿ ನಿಂತು, ಕೈಗವಸು ಬಿಚ್ಚಿ ನಾಡಿ ಎಣಿಸುವುದು ಹೇಗೆ ಹೇಳಿ? ಎದೆಪಟ್ಟಿಯಿಂದ ಕೈಗಡಿಯಾರಕ್ಕೆ ವೈರಿಲ್ಲದೆ ಬಡಿತ ಕಳಿಸುವ ಯಂತ್ರ 1982ರಲ್ಲಿ ಮಾರುಕಟ್ಟೆಗೆ ಬಂತು.

ಲೆಕ್ಕದ ಇನ್ನೊಂದು ದಾರಿಯೂ ಇಲ್ಲಿನದೇ. ಮಾರ್ಟಿ ಕಾರ್ವೊನೆನ್, 1957. ಬೆರಳೆಣಿಕೆಯಷ್ಟು ಯುವಕರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಮಾಡಿದ ಪ್ರಯೋಗ ಅದು. ಅವರ ವಿಚಾರ ಸರಳ. ಗರಿಷ್ಠ ಒಂದೇ ನೋಡಿದರೆ ಸಾಲದು, ಸುಮ್ನೆ ಮಲಗಿದ್ದಾಗ ಎಷ್ಟು ಬಡಿಯುತ್ತದೆ ಅಂತಲೂ ನೋಡಿ. ಎರಡರ ನಡುವಿನ ಅಂತರವೇ ನಿಮ್ಮ ಕೈಯಲ್ಲಿರುವ ಬಂಡವಾಳ. ಅದರಲ್ಲಿ ಶೇಕಡಾ ಇಷ್ಟು ಖರ್ಚು ಮಾಡಿ ಅನ್ನುವುದೇ ಗುರಿ.

ಸರ್, ಬೆಳಗಿನ ಎಣಿಕೆ ಬಂದ ಮೇಲೆ ಹೇಳಿ, ಲೆಕ್ಕ ಹಾಕಿಕೊಡುತ್ತೇನೆ.

ಕುಕ್ಕರಹಳ್ಳಿ_ಸುತ್ತು · ಮಂಗಳವಾರ ಬೆಳಗ್ಗೆ 5:50

ಹಾಸಿಗೆಯಿಂದಲೇ ಬರೆಯುತ್ತಿದ್ದೇನೆ. ಪೂರ್ತಿ ನಿಮಿಷ, ಮೂರು ಸಲ. 65, 64, 64. ಮೊದಲ ಸಲ ಹೆಂಡತಿ "ಏನ್ರೀ ಆಯ್ತು" ಅಂತ ಎದ್ದು ಕೂತಳು, ಆ ಒಂದು ಬಡಿತ ಅವಳ ಖಾತೆಗೆ.

ಔಲು_ಕನ್ನಡಿಗ · ಮಂಗಳವಾರ ಬೆಳಗ್ಗೆ 10:10

64 ಹಿಡಿಯೋಣ. 168ರಲ್ಲಿ 64 ಕಳೆದರೆ 104, ಇದು ನಿಮ್ಮ ಅಂತರ. ಮಧ್ಯಮ ಶ್ರಮಕ್ಕೆ ಅದರ ಶೇಕಡಾ 40ರಿಂದ 59. 104ರ 40 ಶೇಕಡಾ ಸುಮಾರು 42, ಅದಕ್ಕೆ 64 ಸೇರಿಸಿ, 106. ಮೇಲಿನ ತುದಿ 125. ಅಲ್ಲಿಂದಾಚೆ ಜೋರು ಶ್ರಮ. ಕಳೆದದ್ದನ್ನು ಕೊನೆಗೆ ವಾಪಸ್ ಸೇರಿಸಲು ಮರೆಯಬೇಡಿ. ನಾನು ಮೊದಲ ಸಲ ಮರೆತು, 42 ನನ್ನ ಗುರಿ ಅಂದುಕೊಂಡು ಗಾಬರಿಯಾಗಿದ್ದೆ.

ಧಾರವಾಡ_ಫೇಡೆ · ಮಂಗಳವಾರ ಬೆಳಗ್ಗೆ 10:31

ತಡೀರಿ. ನಮ್ಮ ಜಿಮ್ಮಿನ ಗ್ವಾಡಿ ಮ್ಯಾಲೆ ಗರಿಷ್ಠದ 50ರಿಂದ 70 ಅಂತ ಬರದಾರ. ಹಂಗ ನೋಡಿದ್ರ ಸರ್‌ಗೆ 84ರಿಂದ 118. ನೀವು 106ರಿಂದ 125 ಅಂತೀರಿ. ಯಾವುದ ಖರೆ?

ಸುಮ್ನೆ_ಓಡು · ಮಂಗಳವಾರ ಬೆಳಗ್ಗೆ 11:00

ಎರಡೂ ಖರೆ, ಅದೇ ಕಷ್ಟ. 50-70 ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನದು. ಅಲ್ಲಿನದೇ ಕ್ರೀಡಾ ವೈದ್ಯರ ಸಂಸ್ಥೆ ಎಸಿಎಸ್‌ಎಂ ಗರಿಷ್ಠದ 64-76 ಅನ್ನುತ್ತದೆ. ಅದು ಸರ್‌ಗೆ 108ರಿಂದ 128, ಕಾರ್ವೊನೆನ್ ಲೆಕ್ಕಕ್ಕೆ ಹತ್ತಿರ. ಹೃದಯದ ಸಂಘದವರು ಈಗಷ್ಟೇ ಸೋಫಾದಿಂದ ಎದ್ದವರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕೆಳಗಿನಿಂದ ಶುರು ಮಾಡಿದ್ದಾರೆ ಅಂತ ನನ್ನ ಅಂದಾಜು. ಎರಡು ವರ್ಷ ನಡೆದವರಿಗೆ 84 ಅಂದರೆ ತರಕಾರಿ ತರಲು ಹೋದ ಹಾಗೆ.

ಜಿಮ್ ಗೋಡೆಯ ಪಟ್ಟಿ ಕಂಡರೆ ನನಗಂತೂ ಸಿಟ್ಟು. "ಫ್ಯಾಟ್ ಬರ್ನಿಂಗ್ ಝೋನ್" ಅಂತ ಹಳದಿ ಬಣ್ಣ ಬಳಿದಿರುತ್ತಾರೆ. ನಿಧಾನಕ್ಕೆ ಮಾಡಿದರೆ ಖರ್ಚಾಗುವ ಶಕ್ತಿಯಲ್ಲಿ ಕೊಬ್ಬಿನ ಪಾಲು ಜಾಸ್ತಿ ಅನ್ನುವುದು ನಿಜ. ಆದರೆ ಒಟ್ಟು ಖರ್ಚೇ ಕಡಿಮೆ ಅಲ್ವಾ? ಸಣ್ಣ ಸಂಬಳದಲ್ಲಿ ಅರ್ಧ ಉಳಿಸಿದ ಹಾಗೆ.

ತುಂಗಾ_ತೀರ · ಮಂಗಳವಾರ ಮಧ್ಯಾಹ್ನ 3:15

ನನ್ನದು ಉಲ್ಟಾ ಕಥೆ. ಶಿವಮೊಗ್ಗ, 61 ವರ್ಷ. ಮಗನ ಒತ್ತಾಯಕ್ಕೆ ಜಿಮ್ ಸೇರಿದೆ. ಅಲ್ಲಿನ ಪಟ್ಟಿ ಪ್ರಕಾರ ನಾನು 111ರಿಂದ 135ರಲ್ಲಿ ಇರಬೇಕಂತೆ. ಸೈಕಲ್ ಎಷ್ಟು ತುಳಿದರೂ 98 ದಾಟುವುದಿಲ್ಲ. ಸೀರೆ ಸೆರಗಲ್ಲ, ಟವೆಲ್ ಹಿಂಡಿದರೆ ನೀರು ಬರುವಷ್ಟು ಬೆವರುತ್ತೇನೆ, ದಮ್ಮು ಹತ್ತುತ್ತದೆ. ಟ್ರೈನರ್ ಹುಡುಗ "ಆಂಟಿ, ಮನಸ್ಸಿಟ್ಟು ಮಾಡ್ತಿಲ್ಲ" ಅಂದ. ಮನೆಗೆ ಬಂದು ಅತ್ತೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಬಿಪಿಗೆ ಮೆಟೊಪ್ರೊಲಾಲ್ ತಗೊಳ್ಳುತ್ತೇನೆ.

ಟಿಎಂಟಿ_ರೂಮಿನಿಂದ · ಮಂಗಳವಾರ ಸಂಜೆ 5:40

ಅಮ್ಮ, ನೀವು ಬರೆದ ಕೊನೆಯ ಸಾಲಲ್ಲೇ ಉತ್ತರ ಇದೆ. ಮೆಟೊಪ್ರೊಲಾಲ್, ಅಟೆನೊಲಾಲ್ ಇವೆಲ್ಲ ಬೀಟಾ ಬ್ಲಾಕರ್. ಬಡಿತ ಏರದ ಹಾಗೆ ತಡೆಯುವುದೇ ಅವುಗಳ ಕೆಲಸ. ಆ ಮಾತ್ರೆ ತಗೊಳ್ಳುವವರಿಗೆ ಗೋಡೆ ಪಟ್ಟಿ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ 98ರಲ್ಲಿ ಮನಸ್ಸಿನ ತಪ್ಪೂ ಇಲ್ಲ, ಕಾಲಿನ ತಪ್ಪೂ ಇಲ್ಲ. 111 ಮುಟ್ಟಬೇಕು ಅಂತ ದಯವಿಟ್ಟು ಹಟ ಮಾಡಬೇಡಿ. ಜಿಮ್ಮಿಗಾಗಿ ಮಾತ್ರೆ ಬಿಡುವ ಯೋಚನೆ ಬೇಡವೇ ಬೇಡ. ಇದ್ದಕ್ಕಿದ್ದಂತೆ ಬಿಟ್ಟರೆ ಹೃದಯಕ್ಕೆ ಅಪಾಯ. ದಮ್ಮು ಹೊಸದಾಗಿ ಜಾಸ್ತಿ ಆಗಿದೆ ಅನಿಸಿದರೆ ಮುಂದಿನ ಸಲ ಡಾಕ್ಟರಿಗೆ ಹೇಳಿ.

ಇನ್ನೊಂದು ಮಾತು. ಹಳೆಯ ಸೂತ್ರ ಹೆಂಗಸರಿಗೆ ಸರಿಯಾಗಿ ಹೊಂದುವುದಿಲ್ಲ. 2010ರಲ್ಲಿ ಮಾರ್ಥಾ ಗುಲಾಟಿ ಅವರ ತಂಡ ಷಿಕಾಗೋದ 5,437 ಹೆಂಗಸರ ಟ್ರೆಡ್‌ಮಿಲ್ ಪರೀಕ್ಷೆ ನೋಡಿ ಬೇರೆ ಲೆಕ್ಕ ಕೊಟ್ಟಿತು. ವಯಸ್ಸನ್ನು 0.88ರಿಂದ ಗುಣಿಸಿ 206ರಿಂದ ಕಳೆಯುವುದು. ನಿಮಗೆ ಮಾತ್ರೆ ಇಲ್ಲದಿದ್ದರೂ ಗರಿಷ್ಠ 152 ಆಗುತ್ತಿತ್ತು, ಪಟ್ಟಿಯವರು ಹಿಡಿದ 159 ಅಲ್ಲ.

ನಿಮ್ಮಂಥವರಿಗೆ ನಾವು ಕೇಳುವುದು "ಎಷ್ಟು ಕಷ್ಟ ಅನಿಸ್ತಿದೆ?" ಅಂತ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ ಅಳತೆ ಅದು. 6ರಿಂದ 20ರವರೆಗೆ. 6 ಅಂದರೆ ಆರಾಮಾಗಿ ಕೂತಿದ್ದೇನೆ, 20 ಅಂದರೆ ಇನ್ನು ಒಂದು ಹೆಜ್ಜೆಯೂ ಆಗಲ್ಲ. 6ರಿಂದ ಯಾಕೆ ಶುರು ಅಂದರೆ, ಹರೆಯದವರಲ್ಲಿ ಆ ಸಂಖ್ಯೆಗೆ ಒಂದು ಸೊನ್ನೆ ಸೇರಿಸಿದರೆ ಹೆಚ್ಚುಕಮ್ಮಿ ಎದೆಬಡಿತ. ನೀವು 12-13ರ ಹತ್ತಿರ ಇರಿ, ಸಾಕು.

ಅದೂ ಬೇಡ ಅಂದರೆ ಮಗ್ಗಿ ಹೇಳಿ. ನಿಜವಾಗಲೂ. ಸೈಕಲ್ ತುಳಿಯುತ್ತಾ ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು ಅಂತ ಹೇಳಿ. ಮಾತು ಬರುತ್ತದೆ, ಆದರೆ ರಾಗವಾಗಿ ಹಾಡಲು ಆಗಲ್ಲ ಅಂದರೆ ಮಧ್ಯಮ ಶ್ರಮ. "ಹದಿ... ಮೂರೆರಡ್ಲ..." ಅಂತ ನಡುವೆ ಉಸಿರು ತೆಗೆಯಬೇಕಾದರೆ ಜೋರು.

ಧಾರವಾಡ_ಫೇಡೆ · ಮಂಗಳವಾರ ಸಂಜೆ 5:58

ಹದಿಮೂರರ ಮಗ್ಗಿ ನನಗ ಕುಂತಾಗೂ ಬರೂದಿಲ್ಲ. ನಾ ಯಾವ ಝೋನಿನ್ಯಾಗ ಅದೀನಿ?

ಕಡಲ_ಗಾಳಿ · ಮಂಗಳವಾರ ರಾತ್ರಿ 8:25

ಮಂಗಳೂರಿನವರ ಕಷ್ಟವೂ ಕೇಳಿ ಮಾರಾಯ್ರೆ. ಡಿಸೆಂಬರಿನಲ್ಲಿ ಯಾವ ವೇಗಕ್ಕೆ 130 ಇರುತ್ತದೋ, ಏಪ್ರಿಲ್ ಸೆಕೆಯಲ್ಲಿ ಅದೇ ವೇಗಕ್ಕೆ 145. ಅದೂ ಶುರುವಿನಲ್ಲಿ. ಅರ್ಧ ಗಂಟೆ ಓಡಿದರೆ ವೇಗ ಜಾಸ್ತಿ ಮಾಡದಿದ್ದರೂ ಇನ್ನೂ ಮೇಲೆ ಹೋಗುತ್ತದೆ. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಬೆವರಾಗಿ ನೀರು ಹೋದಷ್ಟೂ ರಕ್ತದ ಪ್ರಮಾಣ ಕಡಿಮೆ. ಉಳಿದದ್ದರಲ್ಲೂ ಒಂದಷ್ಟು ಚರ್ಮ ತಣಿಸಲು ಹೊರಗೆ ಓಡುತ್ತದೆ. ಪಾಪ, ಹೃದಯ ಜಾಸ್ತಿ ಸಲ ಹೊಡೆದು ಸರಿದೂಗಿಸಬೇಕು. ಸೆಕೆಗಾಲದಲ್ಲಿ ನಾನು ವೇಗ ನೋಡುವುದೇ ಬಿಟ್ಟಿದ್ದೇನೆ, ಬಡಿತ ಹೇಳಿದಷ್ಟು ಓಡುತ್ತೇನೆ. ಕೆಲವೊಮ್ಮೆ ಅದು "ನಡಿ ಸಾಕು" ಅನ್ನುತ್ತದೆ.

ಹಿಂದಿನ ರಾತ್ರಿ ನಿದ್ದೆಗೆಟ್ಟರೆ, ಜ್ವರ ಬಂದು ಹೋಗಿದ್ದರೆ, ಎರಡು ಲೋಟ ಸ್ಟ್ರಾಂಗ್ ಕಾಫಿ ಇಳಿಸಿದ್ದರೆ ಕೂಡ ಏರುತ್ತದೆ. ಜ್ವರ ಬಿಟ್ಟ ವಾರವೇ ಓಡಲು ಹೋಗಿ ನಾನೊಮ್ಮೆ ಪಣಂಬೂರಿನ ಮರಳಲ್ಲಿ ಕೂತು ಆಟೋ ಕರೆಸಿದ್ದೇನೆ.

ಕುಕ್ಕರಹಳ್ಳಿ_ಸುತ್ತು · ಶುಕ್ರವಾರ ಬೆಳಗ್ಗೆ 8:15

ಸಿಕ್ಕಿಬಿದ್ದ!

ಬುಧವಾರ ಮಳೆ. ಗುರುವಾರ ಮತ್ತು ಇವತ್ತು ಪ್ರಯೋಗ ಮಾಡಿದೆ. ವಾಚು ಎಂದಿನಂತೆ ಓಟ ಶುರುವಾದ ಕೂಡಲೇ 172ಕ್ಕೆ ಹೋಗಿ ಕೂತಿತು. ಗೆಳೆಯ ಮೊಬೈಲಲ್ಲಿ 15 ಸೆಕೆಂಡ್ ಹಿಡಿದ, ನಾನು ಹೆಜ್ಜೆ ಎಣಿಸಿದೆ. 43. ಗುಣಿಸು ನಾಲ್ಕು. 172! ಇನ್ನೊಮ್ಮೆ ಎಣಿಸಿದೆ, ಮತ್ತೆ 43.

ತಕ್ಷಣ ನಿಂತು, ಮೇಡಂ ಹೇಳಿದ ತಗ್ಗಿನಲ್ಲಿ ಬೆರಳಿಟ್ಟೆ. ಮೊದಲ ಸಲ ಸಿಗಲೇ ಇಲ್ಲ, ಬೆವರಿಗೆ ಜಾರುತ್ತಿತ್ತು. ಎರಡನೇ ಸುತ್ತಿನಲ್ಲಿ ಸಿಕ್ಕಿತು. 32. ಅಂದರೆ 128.

ಇವತ್ತು ಆ ಗೆಳೆಯನ ಅಳಿಯನಿಂದ ಎದೆಗೆ ಕಟ್ಟುವ ಪಟ್ಟಿ ತಂದಿದ್ದೆವು. ಕೆರೆ ಏರಿ ಮೇಲೆ ಶರ್ಟಿನೊಳಗೆ ಕೈ ಹಾಕಿ ಪಟ್ಟಿ ಒದ್ದೆ ಮಾಡಿಕೊಳ್ಳುವಾಗ ನಾಲ್ಕು ಜನ ತಿರುಗಿ ನೋಡಿದರು, ಇರಲಿ. ಅದರಲ್ಲಿ 131. ಅದೇ ಹೊತ್ತಿಗೆ ಕೈಯಲ್ಲಿ ವಾಚು 172. ಒಬ್ಬನೇ ಮನುಷ್ಯ, ಎರಡು ಹೃದಯ.

ಸುಮ್ನೆ_ಓಡು · ಶುಕ್ರವಾರ ಬೆಳಗ್ಗೆ 8:44

ಅದೇ ನನ್ನ ಅನುಮಾನ ಇದ್ದದ್ದು. ವಾಚಿನ ಹೊಟ್ಟೆಯಲ್ಲಿ ಹಸಿರು ದೀಪ ಮಿನುಗುತ್ತದಲ್ಲ, ಅದರ ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗೆ ರಕ್ತ ಉಕ್ಕಿ ಬಂದಾಗ ವಾಪಸ್ ಬರುವ ಬೆಳಕು ಕಡಿಮೆ. ಆ ಏರಿಳಿತ ನೋಡಿ ವಾಚು ಬಡಿತ ಊಹಿಸುತ್ತದೆ. ಆದರೆ ಓಡುವಾಗ ಪ್ರತಿ ಹೆಜ್ಜೆಗೂ ಕೈ ಕುಲುಕುತ್ತದೆ, ವಾಚು ಅಲ್ಲಾಡುತ್ತದೆ, ಅದೂ ಒಂದು ಏರಿಳಿತವೇ. ಹೆಜ್ಜೆಯ ತಾಳ ಜೋರಾಗಿದ್ದರೆ ಅದನ್ನೇ ಬಡಿತ ಅಂದುಕೊಂಡು ಕೂರುತ್ತದೆ. ಅದಕ್ಕೇ ನಿಮ್ಮದು 171, 172, 173 ಬಿಟ್ಟು ಆಚೀಚೆ ಹೋಗಲಿಲ್ಲ. ಹೃದಯ ಅಷ್ಟು ಶಿಸ್ತಿನ ಪ್ರಾಣಿ ಅಲ್ಲ.

ಎದೆಪಟ್ಟಿ ಇಸಿಜಿ ಥರ ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ, ಅದಕ್ಕೆ ಹೆಜ್ಜೆಯ ಹಂಗಿಲ್ಲ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಒಂದು ತೂತು ಬಿಗಿಯಾಗಿ ಕಟ್ಟಿ ನೋಡಿ.

ಔಲು_ಕನ್ನಡಿಗ · ಶುಕ್ರವಾರ ಬೆಳಗ್ಗೆ 11:30

ಚಳಿಗೂ ಅದಕ್ಕಾಗುವುದಿಲ್ಲ. ಇಲ್ಲಿ ಮೈನಸ್ 20ರಲ್ಲಿ ಕೈಯ ರಕ್ತನಾಳ ಮುದುರಿಕೊಂಡಿರುತ್ತದೆ. ವಾಚಿಗೆ ಓದಲು ಏನೂ ಸಿಗದೆ ಬಾಯಿಗೆ ಬಂದದ್ದು ಹೇಳುತ್ತದೆ.

ಟಿಎಂಟಿ_ರೂಮಿನಿಂದ · ಶುಕ್ರವಾರ ಮಧ್ಯಾಹ್ನ 1:50

ಖುಷಿಯಾಯಿತು ಸರ್. 128, 131ರ ವ್ಯತ್ಯಾಸವೂ ಸಹಜ. ನಿಂತು ಬೆರಳು ಹುಡುಕುವಷ್ಟರಲ್ಲಿ ಎರಡು ಮೂರು ಇಳಿದಿರುತ್ತದೆ, 15 ಸೆಕೆಂಡಿನಲ್ಲಿ ಒಂದು ಬಡಿತ ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ.

ಪಟ್ಟಿ ಕೈಯಲ್ಲಿ ಇರುವಾಗಲೇ ಇನ್ನೊಂದು ನೋಡಿಬಿಡಿ. ಓಟ ನಿಲ್ಲಿಸಿದ ಕ್ಷಣ ಎಷ್ಟು, ಸರಿಯಾಗಿ ಒಂದು ನಿಮಿಷಕ್ಕೆ ಎಷ್ಟು. ನಮ್ಮಲ್ಲಿ ಪೂರ್ತಿ ಟೆಸ್ಟ್ ಆದ ಮೇಲೆ ಮೊದಲ ನಿಮಿಷಕ್ಕೆ 12ಕ್ಕಿಂತ ಜಾಸ್ತಿ ಇಳಿಯಬೇಕು ಅಂತ ನೋಡುತ್ತೇವೆ. ಕೆರೆ ಏರಿಯ ಓಟಕ್ಕೆ ಅದೇ ನಿಯಮ ಹಾಗೇ ಹಾಕಲಾಗದು. ಆದರೆ ತಿಂಗಳಿಗೊಮ್ಮೆ ಬರೆದಿಟ್ಟರೆ ನಿಮ್ಮ ದಮ್ಮು ಸುಧಾರಿಸುತ್ತಿದೆಯಾ ಗೊತ್ತಾಗುತ್ತದೆ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಪ್ಪು ಹೋದ ಮೇಲೆ, ಅಂದರೆ 2021ರ ಅಕ್ಟೋಬರ್ ಕೊನೆಗೆ, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದ ಜನರನ್ನು ಎಲ್ಲರೂ ನೋಡಿದ್ದೇವೆ. ನಮ್ಮ ಸಣ್ಣ ಸೆಂಟರಿನಲ್ಲೂ ಹಾಗೇ ಆಯಿತು. ಟ್ರೆಡ್‌ಮಿಲ್ ಹತ್ತಿದವರು ಸರಳು ಗಟ್ಟಿ ಹಿಡಿದುಕೊಂಡು ಪರದೆಯನ್ನೇ ನೋಡುತ್ತಿದ್ದರು. ಸರಳಿಗೆ ಜೋತುಬಿದ್ದರೆ ಕಾಲಿಗೆ ಕೆಲಸವೇ ಇರುವುದಿಲ್ಲ. ನಾವು ಮೂರು ಮೂರು ನಿಮಿಷಕ್ಕೆ ವೇಗವನ್ನೂ ಏರನ್ನೂ ಜಾಸ್ತಿ ಮಾಡುತ್ತೇವೆ. ಶುರು ಗಂಟೆಗೆ 2.7 ಕಿಲೋಮೀಟರ್, ದೇವಸ್ಥಾನದ ಪ್ರದಕ್ಷಿಣೆ ವೇಗ. ಮೂರನೇ ಹಂತಕ್ಕೆ 5.5, ಜೊತೆಗೆ ಕಡಿದಾದ ಏರು. ಸಾಮಾನ್ಯವಾಗಿ ಗರಿಷ್ಠದ 85 ಶೇಕಡಾ ಮುಟ್ಟಬೇಕು ಅಂತ ಇಟ್ಟುಕೊಳ್ಳುತ್ತೇವೆ, ನಿಮಗಾದರೆ 143. ಅಲ್ಲಿ ನಾವು ನೋಡುವುದು ಬರೀ ಸಂಖ್ಯೆ ಅಲ್ಲ. ಇಸಿಜಿ ಗೆರೆ, ಬಿಪಿ, ಮುಖ. ಮುಖವೇ ತುಂಬಾ ಹೇಳುತ್ತದೆ. ಟಿಎಂಟಿ ಸರಿ ಬಂದರೆ ಆಯುಷ್ಯಕ್ಕೆ ಗ್ಯಾರಂಟಿ ಚೀಟಿ ಸಿಕ್ಕಿತು ಅಂತಲೂ ಅಲ್ಲ. 52 ಆಗಿದೆ, ಅಪ್ಪನಿಗೆ ಬೈಪಾಸ್ ಆಗಿದೆ. ಜೋರಾಗಿ ಓಡುವ ಆಸೆ ಇದ್ದರೆ ಒಮ್ಮೆ ಡಾಕ್ಟರನ್ನು ಕಂಡು ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಿ. ಟಿಎಂಟಿ ಬೇಕೋ ಬೇಡವೋ ಅವರು ಹೇಳುತ್ತಾರೆ.

ತುಂಗಾ_ತೀರ · ಶುಕ್ರವಾರ ಸಂಜೆ 7:10

ಮೇಡಂ, ಇವತ್ತು ಸೈಕಲ್ ಮೇಲೆ ಮಗ್ಗಿ ಹೇಳಿದೆ. ಹದಿನಾರರದ್ದು. ಹದಿನಾರೇಳ್ಲ ಹತ್ತಿರ ಉಸಿರು ತಡೆಯಿತು, ಸ್ವಲ್ಪ ನಿಧಾನ ಮಾಡಿದೆ. ಪರದೆಯಲ್ಲಿ 94 ಇತ್ತು. ಟ್ರೈನರ್ ಹುಡುಗನಿಗೆ ಮಾತ್ರೆ ಡಬ್ಬಿಯನ್ನೇ ತೋರಿಸಿದೆ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲವಂತೆ. "ಸಾರಿ ಆಂಟಿ" ಅಂದು ಫೋನಲ್ಲಿ ಹೆಸರು ಬರೆದುಕೊಂಡ.

ಕುಕ್ಕರಹಳ್ಳಿ_ಸುತ್ತು · ಭಾನುವಾರ ಬೆಳಗ್ಗೆ 9:05

ಕೊನೆಯ ವರದಿ. ಪಟ್ಟಿಯಲ್ಲಿ ನಿಂತ ಕ್ಷಣ 131, ಒಂದು ನಿಮಿಷಕ್ಕೆ 104. ವಾಚನ್ನು ಮೇಲೆ ಸರಿಸಿ ಬಿಗಿಯಾಗಿ ಕಟ್ಟಿದ ಮೇಲೆ ಹೆಚ್ಚಿನ ಹೊತ್ತು 130ರ ಆಸುಪಾಸು ಇರುತ್ತದೆ. ಏರಿಯ ಇಳಿಜಾರಿಗೆ ಬಂದಾಗ ಮಾತ್ರ ಹಳೇ ಚಾಳಿ, ಮತ್ತೆ 172. ಈಗ ನಾನು ಅದಕ್ಕೆ ಹೆದರುವುದಿಲ್ಲ, ಹೆಜ್ಜೆ ಎಣಿಸಿಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳುತ್ತೇನೆ. ಬುಧವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇನೆ ಮೇಡಂ. ಪಟ್ಟಿ ಅಳಿಯನಿಗೆ ವಾಪಸ್ ಕೊಟ್ಟೆ, ತೊಳೆದು.

ನಾಳೆಯಿಂದ ಹೆಂಡತಿಯೂ ಬರುತ್ತಾಳಂತೆ. ವಾಚು ಬೇಡ ಅಂದಳು. ಅವಳಿಗೆ ಹತ್ತೊಂಬತ್ತರವರೆಗೆ ಮಗ್ಗಿ ಬರುತ್ತದೆ.

ಧಾರವಾಡ_ಫೇಡೆ · ಭಾನುವಾರ ಬೆಳಗ್ಗೆ 9:11

ಸರ್ರ, ನಿಮಗ ಎಷ್ಟರ ತನಕ ಬರ್ತದ?